ಮೋಟರ್ ಸುಟ್ಟಾಗ ಕನ್ನಡ ಎಲ್ಲಿತ್ತು?

(ಬೆಂಗಳೂರಿನ ಕನ್ನಡ ತರುಣರ ಮುಂದೆ ಆಡಿದ ಮಾತಿನ ಬರಹರೂಪ)



ಬೋರ್ಡಿನ ಹೋರಾಟ ನಿಮಗೆ ಹೊಸದಲ್ಲ. ಅಂಗಡಿ ಮುಂಗಟ್ಟಿನ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂದದ್ದು ಯಾರೋ ಕರುಣೆಯಿಂದ ಕೊಟ್ಟ ಭಿಕ್ಷೆಯಲ್ಲ. ನಿಮ್ಮಂಥವರು ಬೀದಿಗಿಳಿದು, ಪೊಲೀಸ್ ವ್ಯಾನು ಹತ್ತಿ ಪಡೆದದ್ದು. ಆದರೆ ಇವತ್ತು ನಾನು ಹೇಳಹೊರಟಿರುವುದು ಇನ್ನೊಂದು ಬೋರ್ಡಿನ ಸಂಗತಿ. ಅದು ಬ್ರಿಗೇಡ್ ರಸ್ತೆಯಲ್ಲಿಲ್ಲ. ಇಲ್ಲಿಂದ ಸುಮಾರು 140 ಕಿಲೋಮೀಟರ್ ದೂರದ ತಿಪಟೂರಿನಲ್ಲಿ, ಅದರ ನೆರೆಯ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಲ್ಲಿ, ಬೋರ್‌ವೆಲ್ ಪಕ್ಕದ ತಗಡಿನ ಪೆಟ್ಟಿಗೆಯೊಳಗೆ ಇದೆ. ಎರಡು ಬೆರಳಗಲದ ಒಂದು ಗಾಜು, ಅದರ ಮೇಲೆ ಎರಡು ಸಾಲು ಅಕ್ಷರ. ಆ ಎರಡು ಸಾಲಿನಲ್ಲಿ ಶೇಕಡ ಎಷ್ಟು ಕನ್ನಡವಿದೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ತೆಂಗಿನ ಸೀಮೆಯಲ್ಲಿ ಮೋಟರ್ ಎಂದರೆ ಮನೆಮಂದಿಯಲ್ಲಿ ಒಬ್ಬರಿದ್ದ ಹಾಗೆ. ಹೇಮಾವತಿ ನಾಲೆ ಒಂದಿಷ್ಟು ಕಡೆ ಹರಿದಿದೆ, ನಿಜ. ಮಿಕ್ಕವರಿಗೆ ಬೋರೇ ಗತಿ. ಪಂಪ್‌ಸೆಟ್ಟಿಗೆ ಮೂರು ಫೇಸಿನ ಕರೆಂಟು ದಿನಕ್ಕೆ ಏಳು ಗಂಟೆ ಎಂಬುದು ಸರ್ಕಾರದ ಲೆಕ್ಕ. ಅದೂ ಪಾಳಿಯ ಮೇಲೆ, ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ. ಮೋಟರ್ ಇರುವುದು ನೂರಾರು ಅಡಿ ಆಳದಲ್ಲಿ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಎಟಕುವುದಿಲ್ಲ. ಎತ್ತಿ ನೋಡಬೇಕೆಂದರೆ ಗಾಡಿ ಬರಬೇಕು, ಆಳು ಬರಬೇಕು, ಪೈಪು ಒಂದೊಂದಾಗಿ ಬಿಚ್ಚಬೇಕು. ಆದ್ದರಿಂದ ಅದಕ್ಕೆ ಏನಾಗಿದೆಯೆಂದು ತಿಳಿಯಲು ಇರುವ ಸುಲಭದ ದಾರಿ ಒಂದೇ: ಮೇಲಿನ ತಂತಿಯಲ್ಲಿ ಹರಿಯುವ ಕರೆಂಟನ್ನು ಅಳೆದು ಊಹಿಸುವುದು. ಪಂಡಿತರು ನಾಡಿ ಹಿಡಿದ ಹಾಗೆ.

ಆ ಪೆಟ್ಟಿಗೆ ಮಾಡುವುದು ಅದನ್ನೇ. ಮೂರು ತಂತಿಯ ಮೇಲೂ ಅದಕ್ಕೆ ಕಣ್ಣು. ಒಂದು ತಂತಿಯ ಕರೆಂಟು ಸೊನ್ನೆಗೆ ಬಿದ್ದು ಉಳಿದೆರಡರಲ್ಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಏರಿತೆಂದರೆ ಒಂದು ಫೇಸ್ ಹೋಗಿದೆ ಎಂದರ್ಥ. ಮೂರರಲ್ಲೂ ಒಟ್ಟಿಗೆ ಇಳಿಯಿತೆಂದರೆ ಬೋರಿನಲ್ಲಿ ನೀರಿಲ್ಲ, ಮೋಟರ್ ಬರಿದೇ ತಿರುಗುತ್ತಿದೆ. ಹೊರೆ ಇಲ್ಲದವನಿಗೆ ದಮ್ಮು ಕಟ್ಟುವುದಿಲ್ಲ ನೋಡಿ, ಹಾಗೆ. ಮೂರರಲ್ಲೂ ಏರಿದರೆ ಮರಳು ಕಚ್ಚಿಕೊಂಡಿದೆ, ಇಲ್ಲವೇ ಬೇರಿಂಗ್ ಹಿಡಿದಿದೆ, ಇಲ್ಲವೇ ವೋಲ್ಟೇಜೇ ಕುಸಿದಿದೆ. ವೋಲ್ಟೇಜನ್ನೂ ಅಳೆದರೆ ಮೂರನೆಯದು ಹೌದೋ ಅಲ್ಲವೋ ತಿಳಿಯುತ್ತದೆ. ಈ ತರ್ಕವೆಲ್ಲ ಒಳಗಿನ ಕಡಲೆಬೀಜದಷ್ಟು ಗಣಕದಲ್ಲಿ ಕೆಲವೇ ಸೆಕೆಂಡಿನಲ್ಲಿ ಮುಗಿದು ಸ್ಟಾರ್ಟರ್ ಬಿಟ್ಟುಕೊಳ್ಳುತ್ತದೆ, ಮೋಟರ್ ನಿಲ್ಲುತ್ತದೆ. ರಿಯಲ್ ಟೈಮ್ ಡಯಾಗ್ನೋಸಿಸ್ ಎಂದು ದೊಡ್ಡ ದೊಡ್ಡ ಕಂಪನಿಗಳು ಹೇಳುವುದು ಇದನ್ನೇ. ಹಾರುತ್ತಿರುವ ವಿಮಾನದ ಎಂಜಿನ್ನಿನ ನಾಡಿ ನೋಡುವ ತಂತ್ರಾಂಶವೂ ಇದರ ದೊಡ್ಡಪ್ಪನ ಮಗ. ಅಂಥ ತಂತ್ರಾಂಶ ಬರೆಯುವವರು ಇದೇ ಬೆಂಗಳೂರಿನಲ್ಲಿದ್ದಾರೆ, ಈ ಸಭೆಯಲ್ಲೂ ಇದ್ದೀರಿ.

ಇಷ್ಟೆಲ್ಲ ಬುದ್ಧಿವಂತಿಕೆ ತೋರಿದ ಮೇಲೆ ಪೆಟ್ಟಿಗೆ ಗಾಜಿನ ಮೇಲೆ ಏನು ಬರೆಯುತ್ತದೆ? 'ಡ್ರೈ ರನ್'. 'ಎಸ್‌ಪಿಪಿ ಟ್ರಿಪ್'. 'ಅರ್ಥ್ ಫಾಲ್ಟ್'. ಇಲ್ಲವೇ ಬರೀ ಒಂದು ಅಕ್ಷರ, ಒಂದು ಅಂಕಿ. ಎಲ್ಲವೂ ರೋಮನ್ ಲಿಪಿಯಲ್ಲಿ!

ಈಗ ಚಿತ್ರ ಊಹಿಸಿಕೊಳ್ಳಿ. ಬೆಳಗಿನ ಜಾವ ಮೂರು ಗಂಟೆ. ಬ್ಯಾಟರಿ ಹಿಡಿದು ತೋಟಕ್ಕೆ ಬಂದ ಯಜಮಾನರಿಗೆ ಮೋಟರ್ ನಿಂತದ್ದು ಗೊತ್ತು, ಏಕೆ ನಿಂತಿತೆಂಬುದು ಗೊತ್ತಿಲ್ಲ. ಹಸಿರು ಗುಂಡಿ ಒತ್ತುತ್ತಾರೆ, ತಿರುಗುತ್ತದೆ, ನಿಲ್ಲುತ್ತದೆ. ಮತ್ತೆ ಒತ್ತುತ್ತಾರೆ, ಮತ್ತೆ ನಿಲ್ಲುತ್ತದೆ. ಕರೆಂಟು ಇರುವುದು ಇನ್ನೆರಡು ಗಂಟೆ. ಮೆಕ್ಯಾನಿಕ್ ಇರುವುದು ಪೇಟೆಯಲ್ಲಿ. ಮಾರನೆಯ ದಿನ ಬಂದ ಮೆಕ್ಯಾನಿಕ್ಕಿಗೆ ಅವರು ಹೇಳುವ ಮಾತು, ತೆಂಗಿನ ಸೀಮೆಯಲ್ಲಿ ಕಿವಿಯಿಟ್ಟರೆ ನಿಮಗೂ ಕೇಳಿಸೀತು: "ಈ ಪೆಟ್ಗೆ ಕಾಟ ತಡೀಲಾರೆ ಕಣಪ್ಪ, ಡೈರೆಕ್ಟ್ ಮಾಡ್ಬುಡು."

ಡೈರೆಕ್ಟ್ ಮಾಡುವುದೆಂದರೆ ಒಂದು ಗೇಣು ತಂತಿ ಹಾಕಿ ಕಾವಲು ಪೆಟ್ಟಿಗೆಯನ್ನು ದಾಟಿಸಿಬಿಡುವುದು. ಆಮೇಲೆ ಮೋಟರ್ ನಿಲ್ಲುವುದಿಲ್ಲ. ಫೇಸ್ ಹೋದರೂ ನಿಲ್ಲುವುದಿಲ್ಲ, ನೀರು ಬತ್ತಿದರೂ ನಿಲ್ಲುವುದಿಲ್ಲ. ಒಂದು ದಿನ ವೈಂಡಿಂಗ್ ಸುಟ್ಟು ಕರಕಲಾಗಿ ಮೇಲೆ ಬರುತ್ತದೆ. ಬಿಲ್ಲು ಸಾವಿರಾರು ರೂಪಾಯಿ. ಅದಕ್ಕಿಂತ ಹೆಚ್ಚಾಗಿ, ಬೇಸಿಗೆಯ ನಡುವೆ ತೋಟಕ್ಕೆ ನೀರಿಲ್ಲದ ಆ ದಿನಗಳು. ತೆಂಗಿನ ಮರ ಅವತ್ತೇ ದೂರುವುದಿಲ್ಲ. ಹರಳು ಉದುರುವುದು, ಕಾಯಿ ಸಣ್ಣಗಾಗುವುದು ತಿಂಗಳುಗಳ ಮೇಲೆ.

ನನ್ನ ಮಾತಿನ ತಿರುಳು ಇಷ್ಟೇ, ಗೆಳೆಯರೇ. ತಿಳಿಯದ ಭಾಷೆಯ ಎಚ್ಚರಿಕೆ ಎಚ್ಚರಿಕೆಯಾಗಿ ಉಳಿಯುವುದಿಲ್ಲ, ಕಾಟವಾಗುತ್ತದೆ. ಕಾಟವನ್ನು ಜನ ಕಿತ್ತುಹಾಕುತ್ತಾರೆ. ಕಿತ್ತುಹಾಕಿದವನನ್ನು ನಾವು ದಡ್ಡ ಎನ್ನುತ್ತೇವೆ.

ಕೆಟ್ಟದ್ದೇಕೆ ಎಂದು ಶೋಧಿಸುವ ಶಾಸ್ತ್ರಕ್ಕೆ ಒಂದು ಒಳ್ಳೆಯ ಹತ್ಯಾರಿದೆ. ಫಾಲ್ಟ್ ಟ್ರೀ ಎನ್ನುತ್ತಾರೆ, ದೋಷದ ಮರ ಎನ್ನೋಣ. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಚ್.ಎ. ವಾಟ್ಸನ್ ಎಂಬಾತ ಮಿನಿಟ್‌ಮನ್ ಕ್ಷಿಪಣಿಗಾಗಿ ರೂಪಿಸಿದ್ದು. ಇವತ್ತು ಅಣುಸ್ಥಾವರ, ವಿಮಾನ ಎಲ್ಲಕ್ಕೂ ಅದೇ. ಮೇಲೆ ಒಂದು ಅನಾಹುತ ಬರೆಯುತ್ತೀರಿ, ಕೆಳಗೆ ಕಾರಣಗಳ ಕವಲು ಬಿಡಿಸುತ್ತೀರಿ. ಕೆಲವು ಕವಲುಗಳ ನಡುವೆ 'ಅಥವಾ', ಕೆಲವುಗಳ ನಡುವೆ 'ಮತ್ತು'. ಈ 'ಮತ್ತು' ಇರುವ ಕಡೆಯೇ ನಿಜವಾದ ಪಾಠ. ನಮ್ಮ ಮೋಟರ್ ಸುಟ್ಟದ್ದನ್ನು ಬರೆಯಿರಿ: ಫೇಸ್ ಹೋಯಿತು, ಮತ್ತು ಕಾವಲು ಪೆಟ್ಟಿಗೆಯನ್ನು ದಾಟಿಸಲಾಗಿತ್ತು, ಮತ್ತು ಸ್ಟಾರ್ಟರನ್ನು ಆಟೋದಲ್ಲಿ ಬಿಟ್ಟಿದ್ದರು. ಕರೆಂಟು ಬಂದೊಡನೆ ತಾನೇ ಚಾಲೂ ಆಗಲಿ, ರಾತ್ರಿ ಏಳುವುದು ತಪ್ಪಲಿ ಎಂದು. ಮೂರರಲ್ಲಿ ಒಂದು ತಪ್ಪಿದ್ದರೂ ಮೋಟರ್ ಉಳಿಯುತ್ತಿತ್ತು. ಒಬ್ಬನೇ ಅಪರಾಧಿಯನ್ನು ಹುಡುಕುವ ನಮ್ಮ ಚಟಕ್ಕೆ ಈ ಮರ ಒಳ್ಳೆಯ ಮದ್ದು.

ಇನ್ನೊಂದು ಕವಲು ಕೆಳಗೆ ಹೋಗಿ. ಪೆಟ್ಟಿಗೆಯನ್ನು ದಾಟಿಸಿದ್ದೇಕೆ? ಪದೇಪದೇ ನಿಲ್ಲುತ್ತಿತ್ತು, ಮತ್ತು ಏಕೆ ನಿಲ್ಲುತ್ತಿದೆಯೆಂದು ಓದಲಾಗಲಿಲ್ಲ. ಅಲ್ಲಿದೆ ನೋಡಿ ನಮ್ಮ ಕವಲು! ಆದರೆ ಕಂಪನಿಯ ವರದಿಗಳಲ್ಲಿ ಈ ಜಾಗಕ್ಕೆ ಬಂದೊಡನೆ ಮರ ಬೆಳೆಯುವುದು ನಿಂತುಬಿಡುತ್ತದೆ. 'ಬಳಕೆದಾರನ ತಪ್ಪು' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ, ಗ್ಯಾರಂಟಿ ರದ್ದಾಗುತ್ತದೆ. ಬಳಕೆದಾರನ ತಪ್ಪು ಎಂಬ ಎರಡು ಪದಗಳ ಹಿಂದೆ ಎಷ್ಟು ಭಾಷೆಗಳ ಸೋಲು ಅಡಗಿದೆಯೋ!

ಭಾಷೆಯೂ ಯಂತ್ರದ ವೈಫಲ್ಯದ ಕಾರಣವಾಗಬಲ್ಲದು ಎಂಬುದು ಕನ್ನಡ ಹೋರಾಟಗಾರರ ಅತಿರೇಕವೆಂದು ಯಾರಾದರೂ ನಕ್ಕರೆ ಅವರಿಗೆ 1990ರ ಜನವರಿ 25ರ ಕಥೆ ಹೇಳಿ. ಕೊಲಂಬಿಯಾ ದೇಶದ ಏವಿಯಾಂಕಾ ವಿಮಾನ, ಸಂಖ್ಯೆ 52, ನ್ಯೂಯಾರ್ಕಿನ ಆಕಾಶದಲ್ಲಿ ಹವಾಮಾನದ ದೆಸೆಯಿಂದ ಸುತ್ತುತ್ತಲೇ ಉಳಿಯಿತು. ಇಂಧನ ಮುಗಿಯುತ್ತ ಬಂದಿತ್ತು. ಸ್ಪ್ಯಾನಿಷ್ ಮಾತಿನ ಆ ಸಿಬ್ಬಂದಿ ಇಂಗ್ಲಿಷಿನಲ್ಲಿ ಕೆಳಗಿನವರಿಗೆ ಇಂಧನ ಕಡಿಮೆಯೆಂದರು, ಆದ್ಯತೆ ಕೊಡಿ ಎಂದರು. ನಿಯಂತ್ರಕರ ಕಿವಿಗೆ ಬೀಳಬೇಕಿದ್ದ 'ಎಮರ್ಜೆನ್ಸಿ' ಎಂಬ ಒಂದು ಪದವನ್ನು ಹೇಳಲಿಲ್ಲ. ವಿಮಾನ ಲಾಂಗ್ ಐಲೆಂಡಿನಲ್ಲಿ ಬಿತ್ತು, 158 ಜನರಲ್ಲಿ 73 ಮಂದಿ ಸತ್ತರು. ಎಂಜಿನ್ನಿನಲ್ಲಿ ದೋಷವಿರಲಿಲ್ಲ. ಕೆಟ್ಟಿದ್ದು ಮಾತು. ತನಿಖೆ ಮಾಡಿದವರು ಅದನ್ನು ವರದಿಯಲ್ಲೇ ಬರೆದರು. ಅಲ್ಲಿ ಒಂದು ಪದ ಕಡಿಮೆಯಾದದ್ದನ್ನು ಶಾಸ್ತ್ರ ಒಪ್ಪುತ್ತದೆಯಾದರೆ ಇಲ್ಲಿ ಒಂದು ಇಡೀ ಭಾಷೆಯೇ ಇಲ್ಲದಿರುವುದನ್ನು ಏಕೆ ಒಪ್ಪಬಾರದು?

ಹಾಗೆಂದು ತೆಂಗಿನ ಸೀಮೆಯವರಿಗೆ ದೋಷ ಪತ್ತೆ ಮಾಡುವುದು ತಿಳಿಯದೆಂದು ಭಾವಿಸಿದಿರೋ, ಕೆಟ್ಟಿರಿ. ತಿಪಟೂರಿನ ಉಂಡೆಕೊಬ್ಬರಿಯನ್ನೇ ತೆಗೆದುಕೊಳ್ಳಿ. ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಕರಟ ಬಿಟ್ಟುಕೊಂಡು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಎಂದು ನೋಡಲು ಒಡೆಯುವಂತಿಲ್ಲ, ಒಡೆದರೆ ಉಂಡೆಯೇ ಇಲ್ಲ. ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಲೊಡಲೊಡ ಎಂದರೆ ಬಿಟ್ಟಿದೆ, ನೀರು ಕುಲುಕಿದರೆ ಇನ್ನೂ ಕಾಯಬೇಕು. ಒಡೆಯದೆ ಪರೀಕ್ಷಿಸುವುದಕ್ಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಪಾಠವೇ ಇದೆ, ಇವರಿಗೆ ಅದು ಅಜ್ಜಿಯ ಕೈಯಿಂದ ಬಂದ ವಿದ್ಯೆ. ಕೆಂಪುಮೂತಿ ಹುಳು ಮರದ ಕಾಂಡ ಹೊಕ್ಕರೆ ಹೊರಗಿನಿಂದ ಬೇಗ ತಿಳಿಯುವುದಿಲ್ಲ, ಕಾಂಡಕ್ಕೆ ಕಿವಿಗೊಟ್ಟರೆ ಮರಿಹುಳು ಅಗಿಯುವ ಸದ್ದು ಕೇಳುತ್ತದೆ. ಈ ಸದ್ದು ಹಿಡಿಯುವ ಮೈಕು, ತಂತ್ರಾಂಶಗಳನ್ನು ಜಗತ್ತಿನ ಹಲವು ಕಡೆ ವಿಜ್ಞಾನಿಗಳು ಮಾಡುತ್ತಿದ್ದಾರೆ. ಇನ್ನು ತಿಪಟೂರಿನ ವೈಂಡಿಂಗ್ ಅಂಗಡಿಗಳ ಹುಡುಗರು. ಸುಟ್ಟ ಕಾಯಿಲ್ ಬಿಚ್ಚಿ ನೋಡಿ, ಒಂದೆರಡು ಫೇಸಿನ ಸುತ್ತುಗಳು ಮಾತ್ರ ಸುಟ್ಟು ಉಳಿದದ್ದು ಹಾಗೇ ಇದ್ದರೆ ಫೇಸ್ ಹೋದದ್ದು, ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ಹೊರೆ ಹೆಚ್ಚಾದದ್ದು ಎಂದು ಹೇಳಬಲ್ಲರು. ಫೇಲ್ಯೂರ್ ಅನಾಲಿಸಿಸ್ ಎಂದು ನೀವು ಸ್ಲೈಡಿನಲ್ಲಿ ತೋರಿಸುವುದು ಇನ್ನೇನು? ಜ್ಞಾನ ಇಲ್ಲಿ ಕನ್ನಡದಲ್ಲೇ ಇದೆ. ಪೆಟ್ಟಿಗೆಯೊಂದು ಮಾತ್ರ ಪರದೇಶಿ.

ಕಂಪನಿಗಳ ನೆಪಗಳನ್ನೂ ನ್ಯಾಯವಾಗಿ ಕೇಳೋಣ. ಮೊದಲ ನೆಪ, ಗಾಜಿನಲ್ಲಿ ಜಾಗವಿಲ್ಲ. ಈ ಎರಡು ಸಾಲಿನ ಗಾಜಿನ ಕಥೆ ಸ್ವಾರಸ್ಯವಾದದ್ದು. ಇದನ್ನು ನಡೆಸುವ ಚಿಪ್ಪಿನ ಮಾದರಿ 1980ರ ದಶಕದ್ದು, ಜಪಾನಿನ ಹಿಟಾಚಿ ಕಂಪನಿಯದು. ಒಂದೊಂದು ಅಕ್ಷರಕ್ಕೆ ಅಡ್ಡ ಐದು, ಉದ್ದ ಎಂಟು ಚುಕ್ಕಿ. ಅದರೊಳಗೆ ಅಚ್ಚೊತ್ತಿದ ಅಕ್ಷರಮಾಲೆಯಲ್ಲಿ ಇಂಗ್ಲಿಷಿನ ಜೊತೆಗೆ ಏನಿದೆ ಗೊತ್ತೇ? ಜಪಾನಿನ ಕತಕಾನ ಲಿಪಿ! ಜಗತ್ತಿಗೆಲ್ಲ ಮಾರುವ ಚಿಪ್ಪಿನಲ್ಲಿ ಅವರು ತಮ್ಮ ಲಿಪಿಯನ್ನು ಮರೆಯಲಿಲ್ಲ. ನಮ್ಮ ತೋಟದ ಪೆಟ್ಟಿಗೆಯಲ್ಲೂ ಎಷ್ಟೋ ಕಡೆ ಆ ಅಕ್ಷರಗಳು ಯಾರೂ ಕರೆಯದೆ ಮಲಗಿವೆ. ಬಳಸುವವರು ಸೇರಿಸಿಕೊಳ್ಳಬಹುದಾದ ಜಾಗ ಎಂಟು ಅಕ್ಷರದ್ದು ಮಾತ್ರ. ಐದು ಚುಕ್ಕಿ ಅಗಲದಲ್ಲಿ ನಮ್ಮ ಒತ್ತು, ಕೊಂಬು, ದೀರ್ಘ ಕೂರುವುದಿಲ್ಲ ಎಂಬುದು ದಿಟ. ಆದರೆ ಚುಕ್ಕಿ ಚುಕ್ಕಿಯಾಗಿ ಏನನ್ನಾದರೂ ಬರೆಯಬಲ್ಲ ಗಾಜು ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಮೋಟರಿನ ಬೆಲೆಯ ಎದುರು ಅದರ ಬೆಲೆ ಎಷ್ಟರದು?

ಎರಡನೆಯ ನೆಪ ಎಸ್ಸೆಮ್ಮೆಸ್ಸಿನದು. ಫೋನಿಗೆ ಸುದ್ದಿ ಕಳಿಸುವ ಸ್ಟಾರ್ಟರುಗಳಿವೆ. ರೋಮನ್ ಲಿಪಿಯಾದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡವಾದರೆ 70, ಅದರಲ್ಲೂ ಗುಣಿತ, ಒತ್ತುಗಳಿಗೆ ಬೇರೆ ಬೇರೆ ಎಣಿಕೆ, ಖರ್ಚು ಹೆಚ್ಚು ಎನ್ನುತ್ತಾರೆ. ಸರಿ, ಎಣಿಸೋಣ. "ಮೋಟರ್ ನಿಂತಿದೆ. ಬೋರಿನಲ್ಲಿ ನೀರಿಲ್ಲ." ಗುಣಿತ, ಒತ್ತು, ಚುಕ್ಕೆ, ನಡುವಿನ ಜಾಗ ಎಲ್ಲ ಸೇರಿ 33. ಎಪ್ಪತ್ತರ ಅರ್ಧವೂ ಆಗಲಿಲ್ಲ! ಅಕ್ಷರ ಓದದವರಿಗೆ ಫೋನು ಮಾಡಿ ಕನ್ನಡದಲ್ಲೇ ಹೇಳುವ ಸ್ಟಾರ್ಟರುಗಳನ್ನು ಕೆಲವರು ಆಗಲೇ ಮಾಡಿ ಮಾರುತ್ತಿದ್ದಾರೆ. ಅವರಿಗೆ ಸಾಧ್ಯವಾದದ್ದು ಮಿಕ್ಕವರಿಗೆ ಏಕೆ ಆಗದು?

ತಂತ್ರಾಂಶದ ಒಳಗೆ ಕೆಲಸ ಮಾಡುವವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ದೋಷಕ್ಕೆ ಭಾಷೆಯಿಲ್ಲ, ಅದಕ್ಕಿರುವುದು ಅಂಕಿ. ನಿಮ್ಮ ಬೈಕುಗಳಲ್ಲಿ 2020ರ ಏಪ್ರಿಲಿನಿಂದ ಬಿಎಸ್-6 ಜೊತೆಗೆ ದೋಷಪತ್ತೆಯ ವ್ಯವಸ್ಥೆ ಬಂದಿದೆ. ಕಾರುಗಳಲ್ಲಿ ಪಿ0301 ಎಂದರೆ ಮೊದಲ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ ಎಂದು, ಟೋಕಿಯೋದಲ್ಲೂ ತುರುವೇಕೆರೆಯಲ್ಲೂ ಅದೇ. ಆ ಅಂಕಿಯನ್ನು ಮನುಷ್ಯರ ಮಾತಿಗೆ ಬಿಡಿಸುವ ಸಾಲುಗಳು ಬೇರೆ ಕಡತದಲ್ಲಿರುತ್ತವೆ. ಇಂಗ್ಲಿಷಿಗೊಂದು ಕಡತ, ಹಿಂದಿಗೊಂದು ಕಡತ. 'ಕೆಎನ್' ಎಂದು ಹೆಸರಿಟ್ಟು ಇನ್ನೊಂದು ಕಡತ ಸೇರಿಸಿದರೆ ಅದು ಕನ್ನಡ. ತರ್ಕದ ಒಂದು ಸಾಲನ್ನೂ ಮುಟ್ಟಬೇಕಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಮೂವತ್ತು ವರ್ಷ ದಾಟಿದ ಮೇಲೂ ಕಡತ ಖಾಲಿಯಿದ್ದರೆ ಅದು ತಂತ್ರಜ್ಞಾನದ ಕೊರತೆಯೋ, ಕೇಳುವವರ ಕೊರತೆಯೋ?

ಆದರೆ ಇಲ್ಲೊಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ನಾವು ಗಲಾಟೆ ಮಾಡಿದೆವೆಂದು ಕಂಪನಿಯವರು ನಿಘಂಟು ಹಿಡಿದು ಪದಕ್ಕೆ ಪದ ಕೂರಿಸಿಬಿಟ್ಟಾರು. ಡ್ರೈ ರನ್ 'ಒಣ ಓಟ'ವಾಗುತ್ತದೆ, ಟ್ರಿಪ್ 'ಪ್ರವಾಸ'ವಾಗುತ್ತದೆ, ಅರ್ಥ್ ಫಾಲ್ಟ್ 'ಭೂಮಿಯ ತಪ್ಪು'! ಇನ್ನೊಂದು ಬಗೆಯ ಅಪಾಯ ನಮ್ಮವರಿಂದಲೇ. 'ಅಧಿಭಾರ ದೋಷ ಸಂಭವಿಸಿರುತ್ತದೆ' ಎಂದು ಕಚೇರಿಗನ್ನಡದಲ್ಲಿ ಬರೆದರೆ ಯಜಮಾನರು ಅದಕ್ಕೂ ಡೈರೆಕ್ಟ್ ಮಾಡಿಸುತ್ತಾರೆ. ಮೋಟರ್, ಫೇಸ್, ವೈಂಡಿಂಗ್ ಇವೆಲ್ಲ ಕನ್ನಡದ ಪದಗಳೇ ಆಗಿಹೋಗಿವೆ. ಟ್ರಾನ್ಸ್‌ಫಾರ್ಮರನ್ನು ನಮ್ಮ ರೈತರು 'ಟೀಸಿ' ಎಂದು ಮೊಟಕು ಮಾಡಿ ಪಳಗಿಸಿಕೊಂಡಿಲ್ಲವೇ? ನಾಮಪದ ಎಲ್ಲಿಂದಾದರೂ ಬರಲಿ, ಕ್ರಿಯಾಪದ ನಮ್ಮದಿರಲಿ. ಸುಟ್ಟಿದೆ, ಸುಡುತ್ತಿದೆ, ಸುಡಬಹುದು ಎಂಬ ಮೂರಕ್ಕೆ ರೈತರು ಮಾಡಬೇಕಾದ ಕೆಲಸ ಮೂರು ಬಗೆ. 'ಮೋಟರ್ ಫಾಲ್ಟ್' ಎಂಬ ಮೊಂಡು ಮಾತಿನಲ್ಲಿ ಆ ಮೂರೂ ಕಲಸಿಹೋಗುತ್ತವೆ.

ಪದ ಕಟ್ಟುವ ಕಸುಬು ಆ ನೆಲಕ್ಕೆ ಹೊಸದೇನಲ್ಲ. ಭಾಷಾಶಾಸ್ತ್ರ ಬಲ್ಲ ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಅದೇ ತುಮಕೂರು ಸೀಮೆಯ ಬೆಳ್ಳಾವೆಯ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಹಳ್ಳಿಗಳಿಗೆ ವಿದ್ಯುತ್ ದೀಪವೇ ಬಾರದ ಕಾಲವದು! ಹೊಸ ಪೀಡೆ ಬಂದಾಗಲೂ ಜನ ಪದಕ್ಕಾಗಿ ಕಾಯಲಿಲ್ಲ. ತೆಂಗಿನ ಕಾಯಿ ಮೇಲೆ ಕೂತು ಸಿಪ್ಪೆ ಕೆಡಿಸುವ ಎರಿಯೋಫಿಡ್ ಎಂಬ ಸೂಕ್ಷ್ಮಜೀವಿ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಇತ್ತ ಹಬ್ಬಿದಾಗ ಅದು 'ನುಸಿ' ಆಯಿತು. ಇಲಾಖೆಯ ಕರಪತ್ರವೂ ಈಗ ನುಸಿ ಎಂದೇ ಬರೆಯುತ್ತದೆ.

ಕಾನೂನಿನ ಮಾತು ಚುಟುಕಾಗಿ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ಸರಕಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಡಬ್ಬಿಯ ಮೇಲಿನ ಚೀಟಿ ಸೂಚನೆಯಾದರೆ, ಗಾಜಿನ ಮೇಲೆ ಮೂಡುವ ಎಚ್ಚರಿಕೆ ಸೂಚನೆಯಲ್ಲವೇ? ಈ ಪ್ರಶ್ನೆಯನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಮುಂದೆ ಲಿಖಿತವಾಗಿ ಇಡಿ. ಪಂಪು, ಸ್ಟಾರ್ಟರು ಬರುವುದು ಕೊಯಮತ್ತೂರಿನಿಂದಲೂ ಹೌದು, ಅವರಿಗೆ ನಮ್ಮ ಕಾನೂನು ತಟ್ಟದಿರಬಹುದು. ಅವರಿಗೆ ತಟ್ಟುವುದು ಮಾರಾಟ. ಅಂಗಡಿಯಲ್ಲಿ "ಕನ್ನಡದಲ್ಲಿ ಹೇಳುವ ಸ್ಟಾರ್ಟರ್ ಇದೆಯೇ?" ಎಂದು ರೈತರು ಕೇಳತೊಡಗಿದರೆ ಸಾಕು.

ಇನ್ನು ನಿಮ್ಮ ಕೈಯ ಕೆಲಸ. ಒಂದು ಭಾನುವಾರ ಅರಸೀಕೆರೆ ಕಡೆಯ ರೈಲು ಹತ್ತಿ ತಿಪಟೂರಿನಲ್ಲಿಳಿಯಿರಿ. ಬಾವುಟ ಬೇಡ, ಒಂದು ನೋಟ್‌ಬುಕ್ ಸಾಕು. ವೈಂಡಿಂಗ್ ಅಂಗಡಿಯಲ್ಲಿ ಕೂತು, ಅಲ್ಲಿಗೆ ಬರುವವರು ತಮ್ಮ ಮೋಟರಿನ ಕಾಯಿಲೆಯನ್ನು ಹೇಗೆ ಹೇಳುತ್ತಾರೆ ಎಂದು ಅವರ ಮಾತಿನಲ್ಲೇ ಬರೆದುಕೊಳ್ಳಿ. 'ಗಾಳಿ ಎಳೀತೈತೆ', 'ಕರೆಂಟು ಬತ್ತೈತೆ ನೀರು ಬರ್ತಿಲ್ಲ', ಹೀಗೆ. ಮಾತು ಕೇಳಿ ಅರ್ಥ ಮಾಡಿಕೊಳ್ಳುವ ತಂತ್ರಾಂಶಗಳ ಕಾಲವಿದು. ಅವು 'ಇದೆ'ಯನ್ನು ಕಲಿತ ಹಾಗೆ 'ಐತೆ'ಯನ್ನೂ ಕಲಿಯಬೇಕಾದರೆ ಯಾರಾದರೂ ಹೋಗಿ ತರಬೇಕಷ್ಟೆ. ಒಂದು ಸ್ಟಾರ್ಟರು ಹೇಳುವ ದೋಷಗಳನ್ನು ಪಟ್ಟಿ ಮಾಡಿದರೆ ಇಪ್ಪತ್ತು ವಾಕ್ಯ ದಾಟಲಾರದು. ಆ ಇಪ್ಪತ್ತು ವಾಕ್ಯ ಬರೆದು, ಯಜಮಾನರೊಬ್ಬರಿಗೆ ಓದಿ ಹೇಳಿ, "ಇದು ಬಂದರೆ ಏನು ಮಾಡ್ತೀರಿ?" ಎಂದು ಕೇಳಿ. ಅವರು ಸರಿಯಾದ ಉತ್ತರ ಕೊಟ್ಟರೆ ಮಾತ್ರ ವಾಕ್ಯ ಪಾಸು. ಪಾಸಾದವನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಡಿ, ಕಂಪನಿಗಳಿಗೂ ಕಳಿಸಿ. ಆಗ ಅವರ ಬಳಿ ಉಳಿಯುವ ನೆಪ ಯಾವುದೆಂದು ನೋಡೋಣ.

ಮತ್ತೊಂದು. ಬೇರಿಂಗ್ ಸವೆದಾಗ ನೀರು ಬರುವ ಪೈಪಿನಲ್ಲಿ ಒಂದು ಬಗೆಯ ಸದ್ದು ಕೇಳಿಸುತ್ತದೆ. ಅದಕ್ಕೆ ತುರುವೇಕೆರೆ ಕಡೆ ಏನೆನ್ನುತ್ತಾರೆ, ಚಿಕ್ಕನಾಯಕನಹಳ್ಳಿ ಕಡೆ ಏನೆನ್ನುತ್ತಾರೆ, ಅದನ್ನೂ ಮರೆಯದೆ ಕೇಳಿಕೊಂಡು ಬನ್ನಿ.